ಮೂರು ಪಟ್ಟು ದೊಡ್ಡ ಕಿವಿ: ನಮ್ಮ ಶಾಲೆಗೆ ತಂದ ಮಾಡೆಲ್ ಹೇಗಿದೆ?

ಡಬ್ಬಿ ಮೇಲೆ ‘ಮಾನವ ಕಿವಿ, ನೈಜ ಗಾತ್ರದ ಮೂರು ಪಟ್ಟು’ ಅಂತ ಅಚ್ಚು ಹಾಕಿದ್ದಾರೆ. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡೋಳು ನಾನು, ಡಬ್ಬಿ ಮೇಲಿದ್ದದ್ದನ್ನೆಲ್ಲ ಹಾಗೇ ನಂಬೋದಕ್ಕೆ ಆಗುತ್ತಾ? ಸ್ಕೇಲ್ ಹಿಡಿದು ಕೂತೆ. ಕಿವಿನಾಳ 7.5 ಸೆಂ.ಮೀ. ಬಂತು. ನಿಜವಾದ ನಾಳ ಸುಮಾರು 2.5 ಸೆಂ.ಮೀ., ಲೆಕ್ಕ ಸರಿ. ಕಿವಿತಮಟೆ (ನಾಳದ ಕೊನೆಗೆ ಸದ್ದಿಗೆ ಅದುರುವ ಪೊರೆ) 3 ಸೆಂ.ಮೀ. ಚಿಲ್ಲರೆ ಅಗಲ, ನಮ್ಮದು 9ರಿಂದ 10 ಮಿ.ಮೀ., ಅದೂ ಸರಿ. ಅಲ್ಲಿಂದ ಒಳಕ್ಕೆ ಹೋದ ಹಾಗೆ ಲೆಕ್ಕ ಹಳಿ ತಪ್ಪುತ್ತೆ. ನಡುಗಿವಿಯ ರಿಕಾಪು ಮೂಳೆ (ಕುದುರೆ ಸವಾರ ಕಾಲಿಡೋ ರಿಕಾಪಿನ ಆಕಾರದ್ದು) 1 ಸೆಂ.ಮೀ. ಇರಬೇಕಾದ ಕಡೆ 2 ಸೆಂ.ಮೀ. ದಾಟಿದೆ. ಒಳಕಿವಿಯಲ್ಲಿ ಬಸವನಹುಳುವಿನ ಹಾಗೆ ಸುರುಳಿ ಸುತ್ತಿರೋ ಕಾಕ್ಲಿಯಾದ ಬುಡದ ಅಗಲ ನಿಜದಲ್ಲಿ 9 ಮಿ.ಮೀ. ಆಸುಪಾಸು, ಮೂರು ಪಟ್ಟು ಅಂದರೂ 3 ಸೆಂ.ಮೀ. ಒಳಗೇ ಇರಬೇಕು, ಇಲ್ಲಿ 5ರ ಹತ್ತಿರ ಇದೆ.

ದೊಡ್ಡದು ಮಾಡಿದ್ದು ತಪ್ಪಲ್ಲ. ಹಾಗೆ ಮಾಡದಿದ್ದರೆ ಹಿಂದಿನ ಬೆಂಚಿಗೆ ಏನೂ ಕಾಣಲ್ಲ. ಆದರೆ ‘ಹೊರಗಿನದು ಮೂರು ಪಟ್ಟು, ಒಳಗಿನದು ಅದಕ್ಕೂ ಜಾಸ್ತಿ’ ಅಂತ ಒಂದು ಸಾಲು ಬರೆದಿದ್ದರೆ ಶಾಯಿ ಖರ್ಚಾಗ್ತಿರಲಿಲ್ಲ. ಈ ಮಾಡೆಲ್ ನೋಡಿದ ಮಕ್ಕಳಿಗೆಲ್ಲ ಒಳಕಿವಿ ನಿಂಬೆಹಣ್ಣಿನ ಗಾತ್ರ ಇರುತ್ತೆ ಅನ್ನೋ ಭಾವನೆ ಬಂದುಬಿಟ್ಟಿತ್ತು.

ನಮ್ಮದು ಪಾಂಡವಪುರ ಕಡೆಯ ಸರ್ಕಾರಿ ಪ್ರೌಢಶಾಲೆ. ಶಾಲಾ ಅನುದಾನದಲ್ಲಿ ಸ್ವಲ್ಪ ದುಡ್ಡು ಉಳಿದಿತ್ತು, ಮಾರ್ಚ್ ಒಳಗೆ ಖರ್ಚು ಮಾಡಬೇಕಿತ್ತು. ಆನ್‌ಲೈನಲ್ಲಿ ತರಿಸೋಣ ಅಂದರೆ ಒಡೆದು ಬಂದರೆ ಯಾರ ಹತ್ತಿರ ಜಗಳ ಆಡೋದು? ಹಾಗಾಗಿ ಮೈಸೂರಿಗೇ ಹೋಗಿ, ಸಯ್ಯಾಜಿರಾವ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ತಂದೆ. ಮಾಲು ಹರಿಯಾಣದ ಅಂಬಾಲಾದ್ದು. ಲ್ಯಾಬ್ ಸಾಮಾನು ಅಂದರೆ ಹೆಚ್ಚುಕಮ್ಮಿ ಎಲ್ಲ ಅಂಗಡಿಗೂ ಅಲ್ಲಿಂದಲೇ ಬರೋದು. ಜಿಎಸ್‌ಟಿ ಬಿಲ್ ಸೇರಿ ಎರಡೂವರೆ ಸಾವಿರಕ್ಕೆ ಸ್ವಲ್ಪ ಕಮ್ಮಿ ಆಯಿತು. ಪಕ್ಕದಲ್ಲೇ ಕಾಕ್ಲಿಯಾ ಬಿಚ್ಚಿ ತೋರಿಸೋ ಇನ್ನೊಂದು ಮಾಡೆಲ್ ಇತ್ತು, ಬೆಲೆ ಸುಮಾರು ಎರಡರಷ್ಟು. ನಮ್ಮ ಬಜೆಟ್ಟಿಗೆ ಅದು ನಿಲುಕಲಿಲ್ಲ.

ಹೊರಕಿವಿ ಚೆನ್ನಾಗಿದೆ. ಮೆತ್ತನೆ ರಬ್ಬರಿನಂಥ ಪ್ಲಾಸ್ಟಿಕ್, ಮಡಿಚಿದರೆ ಮಡಿಚಿಕೊಳ್ಳುತ್ತೆ, ಬಿಟ್ಟರೆ ವಾಪಸ್ ಬರುತ್ತೆ. ನಿಜವಾದ ಕಿವಿಯಲ್ಲೂ ಇರೋದು ಹೀಗೆ ಪುಟಿಯುವ ಮೃದ್ವಸ್ಥಿ. ಹಾಲೆಯಲ್ಲಿ ಮಾತ್ರ ಅದಿಲ್ಲ, ಬರೀ ಕೊಬ್ಬು ಮತ್ತು ಚರ್ಮ. ಇದನ್ನು ಹೇಳುವಾಗ ಹತ್ತನೇ ಕ್ಲಾಸಿನ ಹುಡುಗಿಯರು ನೆಟ್ಟಗೆ ಕೂತು ಕೇಳಿಸಿಕೊಂಡರು. ಮೇಲುಗಿವಿ ಚುಚ್ಚಿಸೋ ಫ್ಯಾಷನ್ ಈಗ ಹಳ್ಳಿಗೂ ಬಂದಿದೆಯಲ್ಲ. ಹಾಲೆಗೆ ಚುಚ್ಚಿಸಿದ್ದು ಬೇಗ ಮಾಯುತ್ತೆ. ಮೇಲಿನ ಮೃದ್ವಸ್ಥಿಗೆ ಸ್ವಂತ ರಕ್ತನಾಳ ಇಲ್ಲ, ಅಲ್ಲಿ ಕೀವಾದರೆ ಬೇಗ ಬಗೆಹರಿಯಲ್ಲ, ಕಿವಿಯ ಆಕಾರವೇ ಕೆಡಬಹುದು ಅಂದೆ. ಒಬ್ಬಳು ತಲೆಗೂದಲು ಎಳೆದು ಕಿವಿ ಮುಚ್ಚಿಕೊಂಡಳು.

ನಾಳ ಮಾತ್ರ ಪೈಪಿನ ಹಾಗೆ ನೆಟ್ಟಗಿದೆ. ನಿಜದ್ದು ಸ್ವಲ್ಪ ವಂಕಿ. ಅದಕ್ಕೇ ಡಾಕ್ಟರು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಬೆಳಕು ಬಿಡೋದು. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನದು ಮೂಳೆ. ಗುಗ್ಗೆ ಹುಟ್ಟೋದು ಹೊರಗಿನ ಭಾಗದಲ್ಲಿ ಮಾತ್ರ. ಅಲ್ಲಿನ ಚರ್ಮ ನಿಧಾನವಾಗಿ ಹೊರಮುಖವಾಗಿ ಸರಿಯುತ್ತಾ ಗುಗ್ಗೆಯನ್ನೂ ಹೊತ್ತು ತರುತ್ತೆ, ಬಡ್ಸ್ ಹಾಕಿ ನಾವೇ ಅದನ್ನ ಮತ್ತೆ ಒಳಕ್ಕೆ ತಳ್ಳಿ ಗಟ್ಟಿ ಮಾಡೋದು. ನಮ್ಮ ಹುಡುಗರಿಗೆ ಬಡ್ಸೂ ಬೇಡ, ಪೆನ್ನಿನ ಕ್ಯಾಪು, ಸೈಕಲ್ ಕೀ, ಕಡ್ಡಿ, ಕೈಗೆ ಸಿಕ್ಕಿದ್ದು. ಕಿವಿ ಕೆರೆದುಕೊಳ್ಳುವಾಗ ಕೆಲವರಿಗೆ ಕೆಮ್ಮು ಬರುತ್ತೆ, ಗಮನಿಸಿದ್ದೀರಾ? ಗಂಟಲಿಗೂ ಎದೆಗೂ ಹೋಗೋ ವೇಗಸ್ ನರದ ಒಂದು ಎಳೆ ಕಿವಿನಾಳಕ್ಕೂ ಬರುತ್ತೆ, ಅದಕ್ಕೇ. ಇದನ್ನೆಲ್ಲ ಮಾಡೆಲ್ಲಿನಲ್ಲಿ ತೋರಿಸಲಿ ಅಂತ ನಾನು ಕೇಳಲ್ಲ. ಆದರೆ ನಾಳವನ್ನು ಸ್ವಲ್ಪ ಬಾಗಿಸೋದಕ್ಕೆ ಏನು ಕಷ್ಟ?

ತಮಟೆ ಒಂದು ಚಪ್ಪಟೆ ಬಿಲ್ಲೆ, ಬಿಳಿ ಬಣ್ಣ. ನಿಜದ್ದು ಮುತ್ತಿನ ಹಾಗೆ ಬೂದು, 0.1 ಮಿ.ಮೀ. ದಪ್ಪ, ನಡುವೆ ಒಳಕ್ಕೆ ಎಳೆದುಕೊಂಡಿರುತ್ತೆ, ಓರೆಯಾಗಿ ಕೂತಿರುತ್ತೆ. ಎಳೆಯೋದು ಸುತ್ತಿಗೆ ಮೂಳೆಯ ಹಿಡಿ. ಅದರ ಹಿಂದೆಯೇ ನಾಲಿಗೆಯ ಮುಂಭಾಗದ ರುಚಿ ಒಯ್ಯುವ ನರವೊಂದು ಹಾದುಹೋಗುತ್ತೆ. ಕಿವಿ ಆಪರೇಷನ್ ಆದ ಕೆಲವರಿಗೆ ಸ್ವಲ್ಪ ದಿನ ಬಾಯಿ ರುಚಿ ಕೆಡೋದು ಅದಕ್ಕೇ. ಹೋಗಲಿ ಬಿಡಿ, ಅದು ಈ ಬೆಲೆಗೆ ಕೇಳಬಾರದ ಮಾತು.

ಈಗ ಮೂಳೆಗಳಿಗೆ ಬರೋಣ. ನನಗೆ ಅತಿ ಇಷ್ಟವಾದ ಭಾಗ ಇದು, ಈ ಮಾಡೆಲ್ ಮೇಲೆ ಸಿಟ್ಟು ಬಂದದ್ದೂ ಇಲ್ಲೇ.

ಸುತ್ತಿಗೆ, ಅಡಿಗಲ್ಲು, ರಿಕಾಪು ಮೂರೂ ಸೇರಿ ಒಂದೇ ತುಂಡಾಗಿ ಆಚೆ ಬರುತ್ತೆ. ಬೇರೆಬೇರೆ ಬಣ್ಣ ಬಳಿದಿದ್ದಾರೆ, ಆದರೆ ಕೀಲಿಲ್ಲ, ಅಲುಗಾಡಲ್ಲ. ಅಲುಗಾಡೋದೇ ಆ ಮೂಳೆಗಳ ಕೆಲಸ! ತಮಟೆ ಅದುರಿದರೆ ಸುತ್ತಿಗೆ ಅದುರಬೇಕು, ಅದು ಅಡಿಗಲ್ಲನ್ನು ತೂಗಬೇಕು, ಅಡಿಗಲ್ಲು ರಿಕಾಪಿನ ಪಾದವನ್ನು ಒಳಕಿವಿಯ ಅಂಡಾಕಾರದ ಕಿಟಕಿಗೆ ಒತ್ತಬೇಕು. ಇಲ್ಲಿ ರಿಕಾಪಿನ ಎರಡು ಕಾಲುಗಳ ನಡುವೆ ತೂತನ್ನೂ ಬಿಟ್ಟಿಲ್ಲ, ಕಪ್ಪು ಬಣ್ಣ ಬಳಿದು ತೂತಿನ ಹಾಗೆ ಕಾಣಿಸಿದ್ದಾರೆ. ಭೂತಕನ್ನಡಿ ಹಿಡಿದು ನೋಡಿದರೆ ಬ್ರಷ್ಷಿನ ಗೆರೆ ಕಾಣುತ್ತೆ. ಆ ಕಪ್ಪು ಒಂದು ಕಡೆ ಆಚೆಗೂ ಹರಿದಿದೆ.

ನಿಜವಾದ ರಿಕಾಪು ಮೂಳೆ 3 ಮಿ.ಮೀ. ಚಿಲ್ಲರೆ ಎತ್ತರ, ತೂಕ ಸುಮಾರು 3 ಮಿಲಿಗ್ರಾಂ. ಮೈಯಲ್ಲಿರೋ ಮೂಳೆಗಳಲ್ಲೆಲ್ಲ ಇದೇ ಚಿಕ್ಕದು. ಬಿಸಿಯೂಟದ ಅಡುಗೆಮನೆಯಿಂದ ಒಂದು ಚಿಟಿಕೆ ಅಕ್ಕಿನುಚ್ಚು ತರಿಸಿ ಒಬ್ಬೊಬ್ಬರ ಅಂಗೈಗೆ ಒಂದೊಂದು ಕಾಳು ಹಾಕಿದೆ, ‘ಇಷ್ಟೇ’ ಅಂದೆ. ಮಾಡೆಲ್ ಮಾಡದ ಕೆಲಸವನ್ನು ಆ ನುಚ್ಚು ಮಾಡಿತು. ಈ ಮೂರು ಮೂಳೆಗಳು ಹುಟ್ಟುವಾಗಲೇ ಪೂರ್ತಿ ಬೆಳೆದಿರುತ್ತವೆ, ತೊಟ್ಟಿಲಲ್ಲಿ ಮಲಗಿರೋ ಕೂಸಿಗೂ ಅದರ ಅಜ್ಜನಿಗೂ ಗಾತ್ರ ಒಂದೇ ಅಂದಾಗ ಕೆಲವರು ನಂಬಲಿಲ್ಲ.

ಇಷ್ಟೆಲ್ಲ ಸರಂಜಾಮು ಯಾತಕ್ಕೆ, ತಮಟೆಯನ್ನೇ ನೇರ ಒಳಕಿವಿಗೆ ಅಂಟಿಸಿದ್ದರೆ ಆಗ್ತಿರಲಿಲ್ಲವಾ ಅಂತ ಒಬ್ಬ ಕೇಳಿದ. ಒಳ್ಳೇ ಪ್ರಶ್ನೆ. ವಿ.ಸಿ. ನಾಲೆಯಲ್ಲಿ ಮುಳುಗು ಹಾಕಿದಾಗ ದಡದ ಮೇಲಿರೋರು ಕೂಗಿದ್ದು ಕೇಳಿಸುತ್ತಾ ಅಂದೆ. ‘ಇಲ್ಲ ಮೇಡಂ, ಏನೂ ಕೇಳಾಕಿಲ್ಲ’ ಅಂದ. (ನಾಲೆಗೆ ಇಳಿದದ್ದಕ್ಕೆ ಅಲ್ಲೇ ಬೈಗುಳವೂ ಆಯಿತು.) ಗಾಳಿಯಲ್ಲಿ ಬಂದ ಸದ್ದು ನೀರಿನ ಮೈಗೆ ತಾಗಿದರೆ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಹಿಂದಕ್ಕೆ ಪುಟಿದು ಹೋಗುತ್ತೆ. ಒಳಕಿವಿಯ ತುಂಬ ಇರೋದೂ ದ್ರವವೇ. ಆ ನಷ್ಟ ತುಂಬೋದು ಈ ಮೂಳೆಗಳ ಕೆಲಸ. ತಮಟೆಯಲ್ಲಿ ಅದುರೋ ಜಾಗ ಸುಮಾರು 55 ಚದರ ಮಿ.ಮೀ., ರಿಕಾಪಿನ ಪಾದ 3.2 ಚದರ ಮಿ.ಮೀ.; ಅಷ್ಟಗಲದ ಮೇಲೆ ಬಿದ್ದ ಬಲವನ್ನೆಲ್ಲ ಇಷ್ಟಗಲಕ್ಕೆ ತಂದು ಹಾಕಿದರೆ ಒತ್ತಡ 17 ಪಟ್ಟು. ಮೂಳೆಗಳು ಸನ್ನೆಕೋಲಿನ ಹಾಗೆ ಕೆಲಸ ಮಾಡೋದರ ಲಾಭ ಇನ್ನೊಂದು 1.3 ಪಟ್ಟು. ಗುಣಿಸಿದರೆ 22ರ ಹತ್ತಿರ. ಎಂಟನೇ ಕ್ಲಾಸಿನಲ್ಲಿ ‘ಒತ್ತಡ ಅಂದರೆ ಬಲ ಭಾಗಿಸು ವಿಸ್ತೀರ್ಣ’ ಅಂತ ಉರು ಹೊಡೆದದ್ದು ಇಲ್ಲಿ ಉಪಯೋಗಕ್ಕೆ ಬಂತು. ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ, ಮಾಡೆಲ್ ಸುಮ್ಮನೆ ಮೇಜಿನ ಮೇಲೆ ಕೂತಿತ್ತು.

ಇನ್ನು ಮುಖ್ಯ ತಕರಾರು. ಈ ಮಾಡೆಲ್ಲಿನಲ್ಲಿ ದುಂಡು ಕಿಟಕಿ ಇಲ್ಲ.

ಅಂಡಾಕಾರದ ಕಿಟಕಿ ಇದೆ, ಅದಕ್ಕೆ ನಂಬರು ಕೊಟ್ಟಿದ್ದಾರೆ, ರಿಕಾಪು ಹೋಗಿ ಅದಕ್ಕೆ ತಾಗುತ್ತೆ. ಅದರ ಕೆಳಗೆ ಪೊರೆ ಮುಚ್ಚಿದ ಇನ್ನೊಂದು ಸಣ್ಣ ಕಿಟಕಿ ಇರಬೇಕು. ಆ ಜಾಗದಲ್ಲಿ ನುಣ್ಣಗಿನ ಪ್ಲಾಸ್ಟಿಕ್ ಬಿಟ್ಟರೆ ಏನಿಲ್ಲ. ದ್ರವವನ್ನು ಅದುಮಿ ಕುಗ್ಗಿಸೋದಕ್ಕೆ ಆಗಲ್ಲ, ಸುತ್ತ ಇರೋದು ಮೂಳೆಯ ಗೋಡೆ. ರಿಕಾಪು ಒಂದು ಕಡೆ ಒಳಕ್ಕೆ ಒತ್ತಿದರೆ ಇನ್ನೊಂದು ಕಡೆ ಎಲ್ಲೋ ಉಬ್ಬಲೇಬೇಕು. ಉಬ್ಬೋದು ಈ ದುಂಡು ಕಿಟಕಿಯ ಪೊರೆ. ಅದಿಲ್ಲದಿದ್ದರೆ ರಿಕಾಪು ಸರಿಯಾಗಿ ಕದಲಲ್ಲ, ದ್ರವ ಸರಿಯಾಗಿ ಕದಲಲ್ಲ, ನಮಗೆ ಸರಿಯಾಗಿ ಕೇಳಿಸಲ್ಲ. ಅಂಬಾಲಾದವರು ಮಾಡಿಕೊಟ್ಟ ಕಿವಿ ಹೀಗಾಗಿ ಹುಟ್ಟು ಕಿವುಡು. ಸ್ಕೆಚ್ ಪೆನ್ನಲ್ಲಿ ನಾನೇ ಅಲ್ಲೊಂದು ಕೆಂಪು ಸೊನ್ನೆ ಬರೆದು ಇಟ್ಟಿದ್ದೇನೆ. ಅಂಗಡಿಯವರಿಗೆ ಫೋನ್ ಮಾಡಿ ಹೇಳಿದರೆ, ‘ಮೇಡಂ, ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ’ ಅಂದರು. ಅದು ಅವರ ಮಾಲಿಗೆ ಮೆಚ್ಚುಗೆಯೋ ನಮ್ಮ ಮೇಷ್ಟ್ರುಗಳ ಮೇಲೆ ಟೀಕೆಯೋ ಗೊತ್ತಾಗಲಿಲ್ಲ.

ಕಾಕ್ಲಿಯಾ ನೋಡೋದಕ್ಕೆ ಚೆಂದ. ತಿಳಿನೀಲಿ, ಎರಡೂವರೆ ಸುತ್ತು, ಎಣಿಸಿದೆ, ಸರಿಯಾಗಿದೆ. ಆದರೆ ಘನ. ತೆರೆಯಲ್ಲ. ಸುರುಳಿ ಬಿಚ್ಚಿದರೆ 35 ಮಿ.ಮೀ. ಉದ್ದ ಇರೋ ಈ ಕೊಳವೆಯೊಳಗೆ ಮೂರು ಓಣಿಗಳಿವೆ, ನಡುವೆ ಒಂದು ಪೊರೆ ಉದ್ದಕ್ಕೂ ಹಾಸಿದೆ. ಬುಡದಲ್ಲಿ ಆ ಪೊರೆ ಕಿರಿದು, ಬಿಗಿ; ತುದಿಗೆ ಹೋದ ಹಾಗೆ ಅಗಲ, ಸಡಿಲ. ತಾರಕದ ಸದ್ದಿಗೆ ಬುಡ ಅದುರುತ್ತೆ, ಮಂದ್ರಕ್ಕೆ ತುದಿ. ಇದನ್ನು ಕಣ್ಣಾರೆ ಕಂಡವನು ಜಾರ್ಜ್ ಫಾನ್ ಬೆಕೆಶಿ, ಹಂಗೇರಿಯವನು. ಬುಡಾಪೆಸ್ಟಿನ ಅಂಚೆ ಇಲಾಖೆಯ ಲ್ಯಾಬಿನಲ್ಲಿ ಟೆಲಿಫೋನಿನ ಕೆಲಸ ಮಾಡುತ್ತಿದ್ದವನು ಸತ್ತವರ ಕಿವಿಗಳನ್ನು ಬಿಡಿಸಿ ನೋಡುತ್ತಾ ನೋಡುತ್ತಾ 1961ರಲ್ಲಿ ವೈದ್ಯಕೀಯದ ನೊಬೆಲ್ ತಗೊಂಡ. ಡಾಕ್ಟರಲ್ಲ! ನಮ್ಮ ಹುಡುಗರಿಗೆ ಈ ಕಥೆ ಬಹಳ ಹಿಡಿಸಿತು.

ಆ ಪೊರೆ ಮೇಲೆ ಸಾಲಾಗಿ ಕೂದಲುಕೋಶಗಳು, ಅಂದರೆ ತುದಿಯಲ್ಲಿ ಕೂದಲಿನಂಥ ಎಳೆಗಳಿದ್ದು ಅದುರನ್ನು ಹಿಡಿಯುವ ಕೋಶಗಳು. ಒಳಸಾಲಿನಲ್ಲಿ ಒಂದು ಕಿವಿಗೆ ಸುಮಾರು 3,500, ಹೊರಗಿನ ಮೂರು ಸಾಲಿನಲ್ಲಿ ಸುಮಾರು 12,000. ಮಿದುಳಿಗೆ ಸುದ್ದಿ ಒಯ್ಯೋದು ಮುಖ್ಯವಾಗಿ ಒಳಸಾಲು. ಹೊರಸಾಲಿನವು ಸದ್ದಿಗೆ ತಕ್ಕ ಹಾಗೆ ತಾವೇ ಕುಗ್ಗಿ ಹಿಗ್ಗಿ ಸಣ್ಣ ಸದ್ದನ್ನು ದೊಡ್ಡದು ಮಾಡಿಕೊಡುತ್ತವೆ. ಹೋದವು ಮತ್ತೆ ಹುಟ್ಟಲ್ಲ. ಕೋಳಿಗೆ ಹುಟ್ಟುತ್ತವೆ, ನಮಗಿಲ್ಲ. ನಾಟಿ ಕೋಳಿ ನಮಗಿಂತ ಪುಣ್ಯವಂತ ಪ್ರಾಣಿ ಅಂತ ಹೇಳಿ ಮುಂದಕ್ಕೆ ಹೋದೆ.

ನಮ್ಮಪ್ಪ ಆಲೆಮನೆ ನಡೆಸಿದವರು. ಕಬ್ಬಿನ ಗಾಣದ ಡೀಸೆಲ್ ಎಂಜಿನ್ ಪಕ್ಕದಲ್ಲೇ ಅವರ ಆಯಸ್ಸು ಕಳೆಯಿತು. ಈಗ ಅವರು ಹೇಳೋದು ಒಂದೇ ಮಾತು: ‘ನೀನು ಮಾತಾಡೋದು ಕೇಳ್ತದೆ ಕಣವ್ವ, ಏನ್ ಅಂದೆ ಅಂತ ತಿಳಿಯಾಕಿಲ್ಲ.’ ಸದ್ದಿನ ಹೊಡೆತಕ್ಕೆ ಮೊದಲು ಹಾಳಾಗೋದು 4,000 ಹರ್ಟ್ಸ್ ಆಸುಪಾಸಿನ ಸದ್ದು ಹಿಡಿಯುವ ಜಾಗ, ಅಂದರೆ ಬುಡಕ್ಕೆ ಹತ್ತಿರದ್ದು. ಸ, ಶ, ಷ ಕೇಳಿಸೋದು ಹೆಚ್ಚಾಗಿ ಅಂಥ ತಾರಕದ ಸದ್ದುಗಳಲ್ಲೇ. ಸ್ವರಗಳು ಕೆಳಗಿನ ಕಂಪನದಲ್ಲಿರೋದರಿಂದ ದನಿ ಕೇಳುತ್ತೆ, ಮಾತು ಒಡೆಯಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದ ಹಾಗೆ ಆ ಹೊತ್ತು ಅರ್ಧರ್ಧ ಇಳಿಯುತ್ತೆ. 100 ಡೆಸಿಬಲ್ಲಿಗೆ ಬಂದರೆ ಕಾಲು ಗಂಟೆ. ಗಣೇಶನ ಮೆರವಣಿಗೆಯಲ್ಲಿ ಡಿಜೆ ಗಾಡಿಗೆ ಆತುಕೊಂಡು ಕುಣಿಯೋರು ಎಷ್ಟು ಹೊತ್ತು ಕುಣೀತಾರೆ ಅಂತ ಕೇಳಿದೆ. ಒಬ್ಬರೂ ಉತ್ತರ ಕೊಡಲಿಲ್ಲ, ನಕ್ಕರು. ರಿಕಾಪಿಗೆ ಅಂಟಿಕೊಂಡ ಒಂದು ಚಿಕ್ಕ ಸ್ನಾಯು ಇದೆ, ಜೋರು ಸದ್ದು ಬಂದರೆ ಮೂಳೆಯನ್ನು ಬಿಗಿಹಿಡಿಯುತ್ತೆ. ಆದರೆ ಅದು ಎಚ್ಚೆತ್ತು ಪೂರ್ತಿ ಬಿಗಿಯೋ ಹೊತ್ತಿಗೆ ಪಟಾಕಿ ಸಿಡಿದು ಮುಗಿದಿರುತ್ತೆ. ಮಾಡೆಲ್ಲಿನಲ್ಲಿ ಆ ಸ್ನಾಯುವೂ ಇಲ್ಲ.

ಇಷ್ಟು ಬೈದಿದ್ದೇನೆ, ಹೊಗಳೋದೂ ಇದೆ. ಅರ್ಧವೃತ್ತದ ಮೂರು ನಾಳಗಳನ್ನು ಒಂದಕ್ಕೊಂದು ಲಂಬವಾಗಿ ಸರಿಯಾಗೇ ಕೂರಿಸಿದ್ದಾರೆ. ಪುಸ್ತಕದ ಚಿತ್ರದಲ್ಲಿ ಇದನ್ನು ಅರ್ಥ ಮಾಡಿಸೋದು ದೊಡ್ಡ ಪಾಡು. ಮಾಡೆಲ್ ಕೈಗೆ ಕೊಟ್ಟರೆ ಕ್ಷಣದ ಕೆಲಸ. ಒಬ್ಬ ಹುಡುಗನನ್ನು ತಿರುಗೋ ಕುರ್ಚಿಯಲ್ಲಿ ಕೂರಿಸಿ (ಹೆಡ್‌ಮಾಸ್ಟರ್ ಕುರ್ಚಿ, ಅವರು ಮೀಟಿಂಗಿಗೆ ಹೋಗಿದ್ದರು) ಗರಗರ ತಿರುಗಿಸಿ ನಿಲ್ಲಿಸಿದೆವು. ಕುರ್ಚಿ ನಿಂತರೂ ಅವನ ಕಣ್ಣುಗುಡ್ಡೆ ಪಕ್ಕಕ್ಕೆ ಹೊಡೆದುಕೊಳ್ಳುತ್ತಿತ್ತು. ನಾಳ ನಿಂತಿದೆ, ಒಳಗಿನ ದ್ರವ ಇನ್ನೂ ಓಡ್ತಿದೆ, ಮಿದುಳು ಅದನ್ನೇ ನಂಬಿದೆ. ಮಾಡೆಲ್ಲಿನ ಅಡ್ಡ ನಾಳದ ಮೇಲೆ ಬೆರಳಿಟ್ಟು ‘ಇದು’ ಅಂದರೆ ಸಾಕು.

ಅದನ್ನೇ ಒಂದು ಶನಿವಾರ ಮನೆಗೂ ತಂದಿದ್ದೆ, ನಮ್ಮತ್ತೆಗೋಸ್ಕರ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಅವರಿಗೆ ಮನೆಯೇ ತಿರುಗ್ತಿತ್ತು. ಬಿಪಿ, ಪಿತ್ತ, ದೃಷ್ಟಿ ಎಲ್ಲ ನೋಡಿಸಿ ಆಗಿತ್ತು. ಮೈಸೂರಿನ ಕಿವಿ ಡಾಕ್ಟರೊಬ್ಬರು ಮಾತ್ರೆಯನ್ನೂ ಬರೆಯದೆ ಮಲಗಿಸಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಕಳಿಸಿದರು, ವಾಸಿಯಾಯಿತು. ‘ತಲೆ ತಿರುಗಿಸಿದ್ದಕ್ಕೂ ಫೀಸಾ’ ಅಂತ ಅತ್ತೆಯ ಗೊಣಗಾಟ ನಿಲ್ಲಲಿಲ್ಲ. ಒಳಕಿವಿಯ ಯುಟ್ರಿಕಲ್ ಅನ್ನೋ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿರುತ್ತವೆ, ವಯಸ್ಸಾದ ಮೇಲೆ ಕಳಚಿಕೊಂಡು ಈ ನಾಳಕ್ಕೆ ಬೀಳುತ್ತವೆ, ಡಾಕ್ಟರು ಅದನ್ನು ಉರುಳಿಸಿ ವಾಪಸ್ ಚೀಲಕ್ಕೆ ಹಾಕಿದರು ಅಂತ ನಾಳದ ಮೇಲೆ ಕಡಲೆಬೇಳೆ ಓಡಿಸಿ ತೋರಿಸಿದೆ. ಆಮೇಲೆ ಫೀಸಿನ ಮಾತು ಬರಲಿಲ್ಲ.

ಗಂಟಲಿಗೆ ಹೋಗೋ ಯುಸ್ಟೇಷಿಯನ್ ನಾಳವನ್ನೂ ಧಾರಾಳವಾಗಿ, ಹಳದಿ ಬಣ್ಣದಲ್ಲಿ ಮಾಡಿದ್ದಾರೆ. ಊಟಿ ಪ್ರವಾಸಕ್ಕೆ ಬಸ್ಸು ಘಾಟ್ ಹತ್ತುವಾಗ ಕಿವಿ ಗಪ್ಪಂತ ಕಟ್ಟಿಕೊಳ್ಳೋದು, ಎಂಜಲು ನುಂಗಿದರೆ ಟಕ್ ಅಂತ ಬಿಡೋದು ಎಲ್ಲರಿಗೂ ಗೊತ್ತಿತ್ತು. ನುಂಗಿದಾಗ ಈ ನಾಳ ಬಾಯಿ ತೆರೆದು ತಮಟೆಯ ಎರಡೂ ಕಡೆ ಗಾಳಿಯ ಒತ್ತಡ ಸಮ ಮಾಡುತ್ತೆ ಅನ್ನೋದು ಗೊತ್ತಿರಲಿಲ್ಲ. ನನಗೆ ಮುಖ್ಯವಾಗಿ ಬೇಕಿದ್ದದ್ದು ಬೇರೆ. ಚಿಕ್ಕ ಮಕ್ಕಳಲ್ಲಿ ಈ ನಾಳ ಗಿಡ್ಡ, ಹೆಚ್ಚುಕಮ್ಮಿ ಅಡ್ಡಕ್ಕೆ ಮಲಗಿರುತ್ತೆ. ನೆಗಡಿ ಬಂದರೆ ಸೋಂಕು ಸಲೀಸಾಗಿ ನಡುಗಿವಿಗೆ ಹತ್ತುತ್ತೆ, ಕೀವು ತುಂಬಿ ತಮಟೆ ತೂತಾಗುತ್ತೆ, ಕಿವಿ ಸೋರುತ್ತೆ. ಸೋರೋ ಕಿವಿಗೆ ನಮ್ಮ ಕಡೆ ಕಾಯಿಸಿದ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ರಸ. ತೂತಾದ ತಮಟೆ ಮೂಲಕ ಆ ಎಣ್ಣೆ ಎಲ್ಲಿಗೆ ಹೋಗುತ್ತೆ ಅಂತ ಪೋಷಕರ ಸಭೆಯಲ್ಲಿ ಮಾಡೆಲ್ಲಿನ ತಮಟೆ ತೆಗೆದು ತೋರಿಸಿದೆ. ಬಾಯಲ್ಲಿ ಹೇಳಿದ್ದು ಎಷ್ಟೋ ಸಲ ಗಾಳಿಗೆ ಹೋಗಿತ್ತು, ಇದು ನಾಟಿತು. ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ‘ದಡ್ಡ’ ಅಂತಲೇ ಎಲ್ಲರೂ ಬದಿಗೆ ಹಾಕಿದ್ದರು. ಅವರಮ್ಮ ಆ ಸಭೆ ಆದಮೇಲೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. 1965ರಿಂದ ಇರೋ ಸಂಸ್ಥೆ, ಮಂಡ್ಯದವರಿಗೆ ಒಂದು ಬಸ್ಸಿನ ದೂರ, ಆದರೂ ನಮ್ಮೂರಿನ ಎಷ್ಟೋ ಜನಕ್ಕೆ ಅಲ್ಲಿ ಕಿವಿ ಪರೀಕ್ಷೆ ಮಾಡ್ತಾರೆ ಅನ್ನೋದೇ ತಿಳಿದಿಲ್ಲ. ಆ ಹುಡುಗ ಈಗ ಮುಂದಿನ ಬೆಂಚಿನಲ್ಲಿ, ಸರಿಯಾಗಿ ಕೇಳೋ ಕಿವಿ ನನ್ನ ಕಡೆ ಬರೋ ಹಾಗೆ ಕೂರ್ತಾನೆ.

ಬಾಳಿಕೆ ಸುಮಾರು. ಎರಡನೇ ಟರ್ಮಿಗೆಲ್ಲ ನಂಬರ್ ಸ್ಟಿಕ್ಕರುಗಳು ಕಿತ್ತು ಬಂದವು. ಮೇಜಿನ ಅಂಚಿಂದ ಬಿದ್ದು ಮೇಲಿನ ಅರ್ಧವೃತ್ತ ನಾಳ ಮುರಿಯಿತು, ಫೆವಿಕ್ವಿಕ್ ಹಾಕಿದ್ದೇವೆ, ಗೀರು ಕಾಣುತ್ತೆ. ಬಿಡಿಭಾಗ ಸಿಗಲ್ಲ, ಬೇಕಾದರೆ ಇಡೀ ಕಿವಿಯನ್ನೇ ಕೊಳ್ಳಬೇಕಂತೆ. ಹೆಸರಿನ ಪಟ್ಟಿ ಬರೀ ಇಂಗ್ಲಿಷಿನಲ್ಲಿದೆ; ಕನ್ನಡದ್ದನ್ನು ನಾನೇ ಬರೆದು ಲ್ಯಾಮಿನೇಷನ್ ಮಾಡಿಸಿದೆ, ಪಾಂಡವಪುರದ ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತು ರೂಪಾಯಿ.

ಐದರಲ್ಲಿ ಮೂರು ಸ್ಟಾರ್ ಕೊಡ್ತೀನಿ. ಹೈಸ್ಕೂಲಿಗೆ ನಡೆಯುತ್ತೆ, ಕೊಳ್ಳಿ. ಪಿಯು ಲ್ಯಾಬಿಗೆ ಬೇಡ, ಕಾಕ್ಲಿಯಾ ಬಿಚ್ಚೋದಕ್ಕೆ ಬರುವ ದೊಡ್ಡ ಮಾಡೆಲ್ಲಿಗೇ ದುಡ್ಡು ಕೂಡಿಡಿ. ಯಾವುದನ್ನೇ ತಗೊಂಡರೂ ಬಿಲ್ ಹಾಕಿಸೋ ಮೊದಲು ಡಬ್ಬಿ ಬಿಚ್ಚಿಸಿ, ಮೂಳೆಗಳು ಬೇರೆಬೇರೆಯಾಗಿ ಬರುತ್ತವಾ ನೋಡಿ, ಅಂಡಾಕಾರದ ಕಿಟಕಿಯ ಕೆಳಗೆ ದುಂಡು ಕಿಟಕಿ ಇದೆಯಾ ಅಂತ ಬೆರಳಿಟ್ಟು ಕೇಳಿ. ನಾಲ್ಕು ಜನ ಕೇಳಿದರೆ ಅಂಗಡಿಯವರು ಅಂಬಾಲಾಕ್ಕೆ ಒಂದು ಫೋನಾದರೂ ಹಾಕಿಯಾರು.